ಇನ್‌ಬಾಕ್ಸ್ ತುಂಬಿ ತುಳುಕ್ತಿದೆ: ಪರ್ಚೇಸ್, ಅಕೌಂಟ್ಸ್ ಕಡೆಯವರು ಹೇಗೆ ನಿಭಾಯಿಸ್ತೀರಿ?

ಪೀಣ್ಯ_ಪರ್ಚೇಸ್:
ನಮಸ್ಕಾರ. ಪೀಣ್ಯದಲ್ಲಿ ಆಟೋ ಬಿಡಿಭಾಗ ಮಾಡೋ ಒಂದು ಫ್ಯಾಕ್ಟರಿಯ ಪರ್ಚೇಸ್‌ನಲ್ಲಿದ್ದೀನಿ. ಆಫೀಸಲ್ಲಿ ಔಟ್‌ಲುಕ್. ಓದದೇ ಉಳಿದಿರೋ ಮೇಲ್ 11 ಸಾವಿರ ದಾಟಿದೆ. ಬೆಳಗ್ಗೆ ಸಿಸ್ಟಂ ಆನ್ ಮಾಡಿ ಕಾಫಿ ತರೋಷ್ಟರಲ್ಲಿ ಪುಟಗಟ್ಲೆ ಬಂದು ಕೂತಿರುತ್ತೆ. ಕೊಟೇಶನ್, ರಿವೈಸ್ಡ್ ಕೊಟೇಶನ್, ಪಿಒ (ಪರ್ಚೇಸ್ ಆರ್ಡರ್) ಅಮೆಂಡ್‌ಮೆಂಟ್ ಕೇಳಿ ಒಂದು, ಸ್ಟೋರ್ಸ್‌ನವರ ಜಿಆರ್‌ಎನ್ (ಮಾಲು ಬಂದಿದ್ದಕ್ಕೆ ಹಾಕೋ ರಸೀದಿ) ಶಾರ್ಟೇಜು, ಕ್ವಾಲಿಟಿಯವರ ರಿಜೆಕ್ಷನ್ ರಿಪೋರ್ಟು, ಪೇಮೆಂಟ್ ಯಾವಾಗ ಅಂತ 'ಜೆಂಟಲ್ ರಿಮೈಂಡರ್', ಇಆರ್‌ಪಿ (ಕಂಪನಿ ವ್ಯವಹಾರದ ಸಾಫ್ಟ್‌ವೇರ್) ತಾನಾಗೇ ಕಳಿಸೋ ಅಲರ್ಟು, ಇದರ ಮಧ್ಯೆ ಎಚ್‌ಆರ್‌ನಿಂದ ಯಾರದೋ ಹುಟ್ಟುಹಬ್ಬ.

ಒಂದೊಂದು ವೆಂಡರ್‌ಗೂ ಒಂದೊಂದು ಫೋಲ್ಡರ್ ಮಾಡಿದ್ದೀನಿ. ಎಳೆದೆಳೆದು ಹಾಕೋದೇ ಒಂದು ಡ್ಯೂಟಿ ಆಗಿದೆ. ಮೊನ್ನೆ ಒಬ್ಬ ಕಾಸ್ಟಿಂಗ್ ವೆಂಡರ್, ಡೈ ರಿಪೇರಿಗೆ ಹೋಗಿದೆ, ಲಾಟ್ ತಡ ಆಗುತ್ತೆ ಅಂತ ಮೇಲ್ ಹಾಕಿದ್ರು. ನಮ್ಮ ಡಿಪಾರ್ಟ್‌ಮೆಂಟಲ್ಲಿ ಆರು ಜನರಿಗೆ ಹೋಗಿದೆ. ಆರೂ ಜನ, ಇನ್ನೊಬ್ಬರು ನೋಡ್ಕೋತಾರೆ ಅಂದ್ಕೊಂಡ್ವಿ. ಪ್ರೊಡಕ್ಷನ್‌ನವರು ಬಂದು ಕಿರುಚಾಡಿದಾಗಲೇ ಗೊತ್ತಾಗಿದ್ದು.

ಯೂಟ್ಯೂಬಲ್ಲಿ ನೋಡೋ ಟಿಪ್ಸ್ ಎಲ್ಲಾ ದಿನಕ್ಕೆ ಇಪ್ಪತ್ತು ಮೇಲ್ ಬರೋರಿಗೆ. ನಿಜವಾಗ್ಲೂ ಇಂಥ ಕೆಲಸದಲ್ಲಿರೋರು ಏನು ಮಾಡ್ತೀರಿ ಹೇಳಿ.

ಗಾಂಧಿಬಜಾರ್_ಬೈಟೂ:
ಕಂಟ್ರೋಲ್ ಎ, ಡಿಲೀಟ್. ಅರ್ಜೆಂಟ್ ಇದ್ದೋರು ಫೋನ್ ಮಾಡೇ ಮಾಡ್ತಾರೆ 😄

ಹುಬ್ಬಳ್ಳಿ_ಲೆಕ್ಕದವ:
ಹಂಗೆಲ್ಲಾ ಮಾಡಬ್ಯಾಡ್ರಿ ಮೇಡಂ. ಅಣ್ಣಾರು ಚಾಷ್ಟಿಗೆ ಅಂದಾರ, ಆದ್ರ ಯಾರರ ಖರೇನ ಮಾಡಿಗಿಡ್ಯಾರು. ನಮ್ಮದು ಸಿಎ ಆಫೀಸ್. ಜಿಎಸ್‌ಟಿ ಕಾಯ್ದೆ 169ನೇ ಕಲಂ ಪ್ರಕಾರ ನೋಂದಣಿ ಮುಂದ ಕೊಟ್ಟ ಇಮೇಲ್‌ಗೆ ನೋಟಿಸ್ ಕಳಿಸಿದ್ರ ಅದು ಜಾರಿ ಆದಂಗ. ನೀವು ತೆರೆದು ಓದೀರೋ ಇಲ್ಲೋ ಅದನ್ನ ಯಾರೂ ಕೇಳಂಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 13ನೇ ಕಲಮೂ ಹಂಗ ಅದ: ಇದ ನಮ್ಮ ವಿಳಾಸ ಅಂತ ಗೊತ್ತು ಮಾಡಿ ಕೊಟ್ಟಿದ್ರ, ಮೇಲ್ ಅಲ್ಲಿ ಬಂದು ಬಿದ್ದ ಗಳಿಗೆನ ತಲುಪಿದ ಗಳಿಗೆ.

ನಿಮ್ಮ ಪರ್ಚೇಸ್‌ನವ್ರಿಗೆ ಇದಕ್ಕಿಂತ ಹತ್ತಿರದ ಮಾತು ಒಂದದ. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದ್ರ ಸಣ್ಣ ಉದ್ದಿಮೆಗಳ ಕಾಯ್ದೆ. ಮೈಕ್ರೋ, ಸ್ಮಾಲ್ ವೆಂಡರ್ ಇದ್ರ, ಕರಾರು ಏನೇ ಬರೆದುಕೊಂಡಿರ್ರಿ, 45 ದಿನದ ಮ್ಯಾಲೆ ಪೇಮೆಂಟ್ ಎಳಿಯೂ ಹಂಗಿಲ್ಲ. ಎಳೆದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. ಈ ದಿನ ಎಲ್ಲಿಂದ ಎಣಸ್ತಾರ? ಮಾಲು ಒಪ್ಪಿಕೊಂಡ ದಿನದಿಂದ. ಮಾಲು ಬಂದ 15 ದಿನದಾಗ ಬರವಣಿಗೆಯೊಳಗ ತಕರಾರು ಎತ್ತಲಿಲ್ಲಂದ್ರ, ಬಂದ ದಿನಾನ ಒಪ್ಪಿದ ದಿನ ಅಂತ ಹಿಡಿತಾರ. ಅಂದ್ರ ಆ ಕ್ವಾಲಿಟಿಯವ್ರ ರಿಜೆಕ್ಷನ್ ರಿಪೋರ್ಟ್ ನಿಮ್ಮ ಇನ್‌ಬಾಕ್ಸ್‌ನಾಗ ಹದಿನಾರು ದಿನ ಕುಂತು ಆಮ್ಯಾಲೆ ವೆಂಡರ್‌ಗೆ ಹೋದ್ರ ಅದರ ಕಿಮ್ಮತ್ತು ಅಷ್ಟಕ್ಕಷ್ಟ.

ಹಳೇದು ಅಳಸೂದಿದ್ರ ಅಕೌಂಟ್ಸ್‌ನವ್ರನ್ನ ಕೇಳ್ರಿ ಮೊದಲ. ಜಿಎಸ್‌ಟಿ ದಾಖಲೆ ವಾರ್ಷಿಕ ರಿಟರ್ನ್ ಕಡೇ ದಿನದಿಂದ 72 ತಿಂಗಳು ಇಡಬೇಕು, ಕಂಪನಿ ಲೆಕ್ಕಪತ್ರ ಮತ್ತ ಓಚರು 8 ವರ್ಷ. ಇನ್‌ವಾಯ್ಸ್ ಮೇಲ್‌ನಾಗಷ್ಟ ಇದ್ರ ಆ ಮೇಲೂ ದಾಖಲೇನ.

ಗಾಂಧಿಬಜಾರ್_ಬೈಟೂ:
ಸರಿ ಸಾರ್, ಡಿಲೀಟ್ ಮಾತು ವಾಪಸ್ ತಗೊಂಡೆ 🙏

ಕರಾವಳಿ_ಅಡ್ಮಿನ್:
ನಾನು ಮಂಗಳೂರಿನ ಒಂದು ಆಫೀಸಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುವವ. ದಿನಾ ಒಬ್ಬರಾದರೂ ಈ ಪ್ರಶ್ನೆ ಹಿಡಿದುಕೊಂಡು ಬರ್ತಾರೆ. ಹಳತನ್ನು ಈಗ ಮುಟ್ಟಬೇಡಿ ಮಾರಾಯ್ರೆ. ಮೊದಲು ಹೊಸತು ಒಳಗೆ ಬರುವ ದಾರಿ ಸರಿ ಮಾಡಿ.

ಇಆರ್‌ಪಿ ಅಲರ್ಟ್ ಯಾವಾಗಲೂ ಒಂದೇ ವಿಳಾಸದಿಂದ ಬರ್ತದೆ, ಅದಕ್ಕೆ ಒಂದು ರೂಲ್, ಸೀದಾ ಬೇರೆ ಫೋಲ್ಡರಿಗೆ. ಎಚ್‌ಆರ್ ಗ್ರೂಪ್ ಮೇಲಿಗೆ ಇನ್ನೊಂದು. ಮೂರನೆಯದು, ಹೆಚ್ಚಿನವರಿಗೆ ಗೊತ್ತೇ ಇಲ್ಲ, ರೂಲ್ಸ್ ಪಟ್ಟಿಯಲ್ಲಿ 'ನನ್ನ ಹೆಸರು ಸಿಸಿಯಲ್ಲಿದ್ದರೆ' ಅಂತ ಒಂದು ಷರತ್ತು ಉಂಟು. ಅದು ಹಾಕಿ ಸಿಸಿ ಮೇಲನ್ನೆಲ್ಲ ಒಂದು ಕಡೆ ತಳ್ಳಿ. ನಿಮ್ಮೊಬ್ಬರಿಗೇ ಬಂದ ಮೇಲ್ ಬೇರೆ ಬಣ್ಣದಲ್ಲಿ ಕಾಣುವ ಹಾಗೆ ಕಂಡಿಷನಲ್ ಫಾರ್ಮ್ಯಾಟಿಂಗ್ ಮಾಡಿ. ಇಷ್ಟಾದರೆ ಎದುರಿಗೆ ಕಾಣುವುದು ಅರ್ಧಕ್ಕರ್ಧ ಇಳಿತದೆ.

ರೂಲ್ ಮಾಡುವಾಗ 'ಈ ಕಂಪ್ಯೂಟರಿನಲ್ಲಿ ಮಾತ್ರ' ಅಂತ ಬಂದರೆ ಜಾಗ್ರತೆ. ಅಂಥ ರೂಲ್ ನಿಮ್ಮ ಔಟ್‌ಲುಕ್ ತೆರೆದಿದ್ದಾಗ ಮಾತ್ರ ಓಡುವುದು. ರಜೆಯಲ್ಲಿದ್ದು ಫೋನಲ್ಲಿ ನೋಡಿದರೆ ಎಲ್ಲ ಗುಡ್ಡೆ ಬಿದ್ದಿರ್ತದೆ, ಮತ್ತೆ ನನಗೆ ಬೈಯ್ಯುವುದು.

ನಿಮಗೆ ಸಂಬಂಧವೇ ಇಲ್ಲದ ರಿಪ್ಲೈ ಆಲ್ ಸರಪಳಿಗೆ ಇಗ್ನೋರ್ ಬಟನ್ ಉಂಟು, ಕಂಟ್ರೋಲ್ ಹಿಡಿದು ಡಿಲೀಟ್. ಆ ಸಂಭಾಷಣೆಯಲ್ಲಿ ಮುಂದೆ ಬರುವುದೂ ಸೀದಾ ಡಿಲೀಟೆಡ್ ಐಟಮ್ಸಿಗೆ. ಜಿಮೇಲಲ್ಲಿ ಇದೇ ಥರದ್ದು ಮ್ಯೂಟ್. ಈ ರಿಪ್ಲೈ ಆಲ್ ಕಾಟ ಔಟ್‌ಲುಕ್ ಮಾಡಿದವರನ್ನೂ ಬಿಟ್ಟಿಲ್ಲ: 1997ರಲ್ಲಿ ಮೈಕ್ರೋಸಾಫ್ಟ್ ಒಳಗೇ ಸುಮಾರು 13 ಸಾವಿರ ಜನರ ಒಂದು ಲಿಸ್ಟಿಗೆ ಯಾರೋ 'ನನ್ನನ್ನು ತೆಗೀರಿ' ಅಂತ ಬರೆದರು, ಉಳಿದವರು 'ನನ್ನನ್ನೂ' ಅಂತ ಎಲ್ಲರಿಗೂ ಉತ್ತರಿಸಿದರು. ಸರ್ವರ್ ಮಲಗಿತು. ಅಂಥದ್ದನ್ನು ತಡೆಯುವ ಸೌಲಭ್ಯ ಆಫೀಸ್ 365ಕ್ಕೆ ಬಂದದ್ದು 2020ರಲ್ಲಿ!

ಪೀಣ್ಯ_ಪರ್ಚೇಸ್:
ಹುಬ್ಬಳ್ಳಿ ಸರ್, 15 ದಿನದ ವಿಷಯ ನಮ್ಮ ಮ್ಯಾನೇಜರ್‌ಗೂ ಗೊತ್ತಿರಲಿಲ್ಲ. ತುಂಬಾ ಥ್ಯಾಂಕ್ಸ್.

ಅಡ್ಮಿನ್ ಅವರೇ, ಇಆರ್‌ಪಿ, ಎಚ್‌ಆರ್ ರೂಲ್ ಹಾಕಿದೆ, ಹಾಯಾಗಿದೆ. ಆದ್ರೆ ಸಿಸಿ ರೂಲ್ ನಮ್ಮಲ್ಲಿ ನಡೆಯಲ್ಲ. ನಮ್ಮ ವೆಂಡರ್‌ಗಳು ಗೌರವಕ್ಕೆ ಅಂತ 'ಟು'ನಲ್ಲಿ ಮ್ಯಾನೇಜರ್‌ನ ಹಾಕಿ, ಕೆಲಸ ಮಾಡ್ಬೇಕಾದ ನನ್ನ ಸಿಸಿಯಲ್ಲಿ ಹಾಕ್ತಾರೆ. ಕೆಳಗೆ 'ಪ್ಲೀಸ್ ಡೂ ದ ನೀಡ್‌ಫುಲ್'. ಯಾರು ಡೂ ಮಾಡ್ಬೇಕು ಅಂತ ದೇವರಿಗೇ ಗೊತ್ತು.

ಟಪಾಲು_ಶಾಖೆ:
ನಾನು ಸರ್ಕಾರಿ ಕಚೇರಿಯಲ್ಲಿ ಅಧೀಕ್ಷಕನಾಗಿದ್ದು ನಿವೃತ್ತನಾದವನು. ಕೈಬರಹದ ವಹಿಯನ್ನೂ ಕಂಡಿದ್ದೇನೆ, ಇ-ಆಫೀಸನ್ನೂ ಕಂಡಿದ್ದೇನೆ. ತಂಗಿಯ ಕೊನೆಯ ಸಾಲು ಓದಿದ ಮೇಲೆ ಬರೆಯಬೇಕೆನಿಸಿತು.

ಇಲ್ಲಿ ಎಲ್ಲರೂ ಕಾಗದವನ್ನು ಎಲ್ಲಿಡುವುದು ಎಂದು ಮಾತಾಡುತ್ತಿದ್ದೀರಿ. ಟಪಾಲಿನಲ್ಲಿ ಆ ಪ್ರಶ್ನೆ ಬರುತ್ತಿದ್ದದ್ದು ಕಟ್ಟಕಡೆಗೆ. ಬೆಳಿಗ್ಗೆ ಲಕೋಟೆ ಒಡೆದು, ದಿನಾಂಕದ ಮೊಹರು ಒತ್ತಿ, ಆವಕ ವಹಿಯಲ್ಲಿ ನಂಬರು ಹಾಕಿ ಸಾಹೇಬರ ಮೇಜಿಗೆ ಇಡುವುದು. ಅವರು ಪೂರ್ತಿ ಓದುತ್ತಾ ಕೂರುತ್ತಿರಲಿಲ್ಲ. ವಿಷಯದ ಸಾಲು ನೋಡಿ, ಅಂಚಿನಲ್ಲಿ 'ಲೆಕ್ಕ', 'ಸಿಬ್ಬಂದಿ', 'ಚರ್ಚಿಸಿ', 'ತುರ್ತಾಗಿ ಮಂಡಿಸಿ' ಎಂದು ಒಂದು ಗೀಚು, ಕೆಳಗೆ ಚುಟುಕು ಸಹಿ. ಕಟ್ಟು ಮುಗಿಯಲು ಅರ್ಧ ಗಂಟೆ. ಉತ್ತರ ಬರೆಯುವುದು ಆ ಅರ್ಧ ಗಂಟೆಯ ಕೆಲಸವೇ ಅಲ್ಲ. ಆದರೆ ಆ ಗೀಚು ಬಿದ್ದ ಮೇಲೆ ಆ ಕಾಗದಕ್ಕೆ ಒಬ್ಬ ವಾರಸುದಾರ ಇದ್ದಾನೆ ಎಂದರ್ಥ. ವಿಷಯ ನಿರ್ವಾಹಕರು ತಮ್ಮ ಕಾರ್ಯವಹಿಯಲ್ಲಿ ಏರಿಸಿಕೊಂಡು ಸಹಿ ಮಾಡಿ ತೆಗೆದುಕೊಳ್ಳಬೇಕು. ವಹಿಯಲ್ಲಿ ಕೊನೆಯ ಕಲಂ 'ವಿಲೇವಾರಿ'. ಅದು ಖಾಲಿ ಇರುವಷ್ಟು ದಿನ ತಿಂಗಳ ಬಾಕಿ ತಖ್ತೆಯಲ್ಲಿ ಅವರ ಹೆಸರಿನ ಮುಂದೆ ಆ ನಂಬರು ಬರುತ್ತಲೇ ಇರುತ್ತದೆ. ನಿಮ್ಮ ಕಾಸ್ಟಿಂಗ್ ಕಾಗದ ಆರು ಜನರ ಕೈಗೆ ಬಂದು ಒಬ್ಬರ ವಹಿಯಲ್ಲೂ ಏರಲಿಲ್ಲ, ಅಷ್ಟೇ ಆದದ್ದು.

ಇನ್ನು ಸಿಸಿ. ಸರ್ಕಾರಿ ಪತ್ರದ ಕೆಳಗೆ ಪ್ರತಿಗಳ ಪಟ್ಟಿ ನೋಡಿರುತ್ತೀರಿ. ಸುಮ್ಮನೆ ಹೆಸರು ಬರೆದು ಬಿಡುವುದಿಲ್ಲ. ಇವರಿಗೆ 'ಮಾಹಿತಿಗಾಗಿ', ಇವರಿಗೆ 'ಅಗತ್ಯ ಕ್ರಮಕ್ಕಾಗಿ' ಎಂದು ಒಬ್ಬೊಬ್ಬರ ಮುಂದೆಯೂ ಇರುತ್ತದೆ. ನಿಮ್ಮ ವೆಂಡರುಗಳಿಗೆ ಇಷ್ಟೇ ಹೇಳಿ: ಮೊದಲ ಸಾಲಿನಲ್ಲಿ ಕ್ರಮ ಯಾರದು ಎಂದು ಹೆಸರು ಹಾಕಲಿ, ವಿಷಯದ ಸಾಲಿನಲ್ಲಿ ಪಿಒ ನಂಬರು ಇರಲಿ. ಗೌರವಕ್ಕೆ ಯಾರನ್ನು ಎಲ್ಲಿ ಬೇಕಾದರೂ ಹಾಕಿಕೊಳ್ಳಲಿ.

ನೀವು ಉತ್ತರ ಕಾಯುತ್ತಿರುವ ಪತ್ರಗಳದ್ದು ಬೇರೆ ಲೆಕ್ಕ. ಅವಕ್ಕೆ ನೆನಪೋಲೆ ಯಾವತ್ತು ಹೋಗಬೇಕು ಎಂಬ ದಿನಾಂಕವನ್ನು ಪತ್ರ ಕಳಿಸಿದ ದಿನವೇ ಬರೆದಿಟ್ಟುಕೊಳ್ಳುತ್ತಿದ್ದೆವು. ಮೇಲ್‌ನಲ್ಲೂ ಅದಕ್ಕೆ ದಾರಿ ಇರಬೇಕಲ್ಲ?

ಕರಾವಳಿ_ಅಡ್ಮಿನ್:
ಉಂಟು ಸರ್. ಫ್ಲ್ಯಾಗಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ರಿಮೈಂಡರ್ ದಿನಾಂಕ ಹಾಕಬಹುದು. ಕಳಿಸುವ ಮೊದಲೇ ಹಾಕಲಿಕ್ಕೂ ಆಗ್ತದೆ. ಜಿಮೇಲಾದರೆ ಸ್ನೂಜ್, ಹೇಳಿದ ದಿನ ತಾನಾಗಿ ಮೇಲೆ ಬಂದು ಕೂರ್ತದೆ.

ಕೋರಮಂಗಲ_ಕೋಡರ್:
ಸಾರ್, ತಪ್ಪು ತಿಳ್ಕೋಬೇಡಿ, ಬೇಗ ಕೆಲಸ ಮುಗಿಸೋದನ್ನ ಸರ್ಕಾರಿ ಕಡತದಿಂದ ಕಲೀಬೇಕಾ? 🙂

ಟಪಾಲು_ಶಾಖೆ:
ಕಡತ ಕೂತದ್ದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಎಲ್ಲಿ ಕೂತಿದೆ, ಯಾರ ಬಳಿ ಎಷ್ಟು ದಿನದಿಂದ ಕೂತಿದೆ ಎಂದು ವಹಿ ನೋಡಿ ಹೇಳಬಹುದಿತ್ತು. ಅದರ ಮೇಲೇ ತಾನೆ ಸಕಾಲ ನಿಂತದ್ದು? 2011ರ ಕಾಯ್ದೆ, ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿಯಲ್ಲಿ ಜಿಎಸ್‌ಸಿ ಸಂಖ್ಯೆ, ಸೇವೆಗೆ ಇಂತಿಷ್ಟು ದಿನ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ನಿಮ್ಮ ಹನ್ನೊಂದು ಸಾವಿರದಲ್ಲಿ ಎಷ್ಟು ನಿಮ್ಮ ಬಾಕಿ ಎಂದು ನಿಮ್ಮ ಕಂಪನಿಯಲ್ಲಿ ಯಾರಾದರೂ ಹೇಳಬಲ್ಲರೆ?

ಕೋರಮಂಗಲ_ಕೋಡರ್:
ಒಪ್ಪಿದೆ. ನಮ್ಮಲ್ಲಿ ಇದನ್ನೇ ಟಿಕೆಟ್ ಅಂತೀವಿ, ಹೆಸರು ಮಾತ್ರ ಹೊಸದು.

ಮೈಸೂರು_ಮಾಹಿತಿ:
ಗ್ರಂಥಾಲಯ ವಿಜ್ಞಾನ ಓದಿದವಳು, ಫೋಲ್ಡರ್ ವಿಷಯಕ್ಕೆ ಬಾಯಿ ಹಾಕದೆ ಇರೋಕೆ ಆಗಲಿಲ್ಲ. 2011ರಲ್ಲಿ ಐಬಿಎಂ ಸಂಶೋಧಕರು 345 ಜನರ ಮೇಲ್ ಬಳಕೆ ಗಮನಿಸಿ ಒಂದು ಅಧ್ಯಯನ ಮಾಡಿದ್ರು. ಕಷ್ಟಪಟ್ಟು ಫೋಲ್ಡರ್‌ಗೆ ಹಾಕ್ತಿದ್ದವರು ಹಳೇ ಮೇಲ್ ಹುಡುಕೋದ್ರಲ್ಲಿ ಸರ್ಚ್ ಮಾಡೋರಿಗಿಂತ ಮುಂದೇನೂ ಇರಲಿಲ್ಲ. ಹಾಕೋಕೆ ಕಳೆದ ಹೊತ್ತು ಹಾಗೇ ದಂಡ. ಪುಸ್ತಕಕ್ಕಾದ್ರೆ ಒಂದೇ ಜಾಗ ಬೇಕು, ಯಾಕಂದ್ರೆ ಪುಸ್ತಕ ಒಂದೇ. ಮೇಲ್‌ಗೆ ಆ ಕಟ್ಟುಪಾಡಿಲ್ಲ. ಒಂದು ರಿಜೆಕ್ಷನ್ ಮೇಲ್‌ನ ವೆಂಡರ್ ಫೋಲ್ಡರ್‌ಗೆ ಹಾಕ್ತೀರೋ, ಕ್ವಾಲಿಟಿ ಫೋಲ್ಡರ್‌ಗೋ, ಡೆಬಿಟ್ ನೋಟ್ ಫೋಲ್ಡರ್‌ಗೋ? ಮೂರು ತಿಂಗಳಾದ್ಮೇಲೆ ಯಾವುದಕ್ಕೆ ಹಾಕಿದ್ರಿ ಅಂತ ನಿಮಗೇ ನೆನಪಿರಲ್ಲ. ಪಿಒ ನಂಬರ್ ಹೊಡೆದ್ರೆ ಮೂರೂ ಕಡೆಯದ್ದು ಒಟ್ಟಿಗೆ ಬರುತ್ತೆ. ಅದಕ್ಕೇ ವಿಷಯದ ಸಾಲಲ್ಲಿ ನಂಬರ್ ಇರ್ಲಿ ಅಂದದ್ದು ಇಡೀ ಥ್ರೆಡ್‌ನಲ್ಲೇ ಬಂಗಾರದಂಥ ಮಾತು.

ಇನ್ನೊಂದು. 'ಇನ್‌ಬಾಕ್ಸ್ ಜೀರೋ' ಅಂತ ಎಲ್ಲರೂ ಬಾಯಲ್ಲಿ ಹೇಳ್ತಾರಲ್ಲ, 2007ರಲ್ಲಿ ಗೂಗಲ್ ಕಚೇರಿಯಲ್ಲಿ ಅದರ ಮೇಲೆ ಭಾಷಣ ಮಾಡಿದ ಮರ್ಲಿನ್ ಮ್ಯಾನ್ ತಲೆಯಲ್ಲಿದ್ದ ಸೊನ್ನೆ ಮೇಲ್‌ಗಳ ಲೆಕ್ಕ ಅಲ್ಲ, ನಮ್ಮ ತಲೆ ಇನ್‌ಬಾಕ್ಸ್ ಒಳಗೆ ಸಿಕ್ಕಿಕೊಂಡಿರೋ ಹೊತ್ತಿನದು. ಹನ್ನೊಂದು ಸಾವಿರ ಇದ್ರೂ ಪರವಾಗಿಲ್ಲ, ಅದರಲ್ಲಿ ನಿಮ್ಮದು ಯಾವುದು ಅಂತ ಗೊತ್ತಿದ್ರೆ ಸಾಕು.

ಸ್ಟುಟ್‌ಗಾರ್ಟ್_ಶ್ಯಾವಿಗೆ:
ನಾನು ಜರ್ಮನಿಯಲ್ಲಿದ್ದೀನಿ, ತವರು ಹಾಸನ. ಇಲ್ಲಿ ಡೈಮ್ಲರ್ 2014ರಲ್ಲಿ ತಂದ ಪದ್ಧತಿ ಕೇಳಿದ್ರೆ ನಿಮಗೆ ಹೊಟ್ಟೆ ಉರಿಯುತ್ತೆ. ನೌಕರರು ಬೇಕು ಅಂದ್ರೆ, ರಜೆಯಲ್ಲಿದ್ದಾಗ ಬಂದ ಮೇಲ್ ತಾನಾಗೇ ಅಳಿಸಿಹೋಗುತ್ತೆ. ಕಳಿಸಿದವರಿಗೆ 'ಇವರು ರಜೆಯಲ್ಲಿದ್ದಾರೆ, ನಿಮ್ಮ ಮೇಲ್ ಅಳಿಸಲಾಗಿದೆ, ಅರ್ಜೆಂಟ್ ಇದ್ರೆ ಇಂಥವರನ್ನ ಸಂಪರ್ಕಿಸಿ' ಅಂತ ಉತ್ತರ ಹೋಗುತ್ತೆ. ವಾಪಸ್ ಬಂದಾಗ ಇನ್‌ಬಾಕ್ಸ್ ಖಾಲಿ. ಫೋಕ್ಸ್‌ವ್ಯಾಗನ್ 2011ರಲ್ಲೇ ಶಿಫ್ಟ್ ಮುಗಿದ ಅರ್ಧ ಗಂಟೆಗೆ ಒಂದಷ್ಟು ನೌಕರರ ಫೋನಿಗೆ ಮೇಲ್ ಹೋಗೋದನ್ನ ನಿಲ್ಲಿಸಿತ್ತು. ಫ್ರಾನ್ಸಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಮೇಲ್ ನೋಡದೇ ಇರೋ ಹಕ್ಕು 2017ರಿಂದ ಕಾನೂನಲ್ಲೇ ಇದೆ.

ಗಾಂಧಿಬಜಾರ್_ಬೈಟೂ:
ಮೇಡಂ, ಇಲ್ಲಿ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ 2018ರಲ್ಲಿ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ರು. ಖಾಸಗಿ ಮಸೂದೆಗಳ ಗತಿ ಏನಾಗುತ್ತೆ ಅಂತ ಗೊತ್ತಲ್ಲ. ಇಲ್ಲಿ ಮೇಲ್ ನಿಲ್ಲಿಸಿದ್ರೆ ವಾಟ್ಸಾಪ್‌ಗೆ ಬರ್ತಾರೆ, ವಾಟ್ಸಾಪ್ ಬಿಟ್ರೆ ಮನೆ ಹತ್ರ ಬರ್ತಾರೆ.

ಹುಬ್ಬಳ್ಳಿ_ಲೆಕ್ಕದವ:
ವಾಟ್ಸಾಪ್ ಅಂದಿದ್ದಕ್ಕ ನೆನಪಾತು. ರೇಟು, ಡೆಲಿವರಿ ತಾರೀಖು ವಾಟ್ಸಾಪ್‌ನಾಗ ಮಾತಾಡಿದ್ರ ಸಂಜಿಕಿ ಅದನ್ನ ಎರಡು ಸಾಲಿನ ಮೇಲ್ ಮಾಡಿ ಹಾಕ್ರಿ. ಮೇಲ್ ಕಡಿಮಿ ಮಾಡೂ ಗದ್ದಲದಾಗ ದಾಖಲೆ ಕಡಿಮಿ ಆಗಬಾರದು.

ಪೀಣ್ಯ_ಪರ್ಚೇಸ್:
ಅಪ್ಡೇಟ್ ಕೊಡ್ತೀನಿ. ಟಪಾಲು ಸರ್ ಹೇಳಿದ್ದನ್ನ ಟೀಮ್‌ನಲ್ಲಿ ಹೇಳಿದೆ, ಮೊದಲು ನಕ್ಕರು. ಆಮೇಲೆ ಔಟ್‌ಲುಕ್ ಕೆಟಗರಿಯಲ್ಲಿ ಮೂರು ಬಣ್ಣ ಮಾಡಿಕೊಂಡೆ: 'ನನ್ನ ಕ್ರಮ', 'ವೆಂಡರ್ ಬಾಕಿ', 'ಒಳಗಿನ ಬಾಕಿ'. ಬೆಳಗ್ಗೆ ಮೊದಲ ಅರ್ಧ ಗಂಟೆ ಯಾರಿಗೂ ಉತ್ತರ ಬರೆಯಲ್ಲ, ಬಣ್ಣ ಹಾಕೋದು ಅಷ್ಟೇ. ಕೈ ತುರಿಸುತ್ತೆ, ಆದ್ರೂ ಬರೆಯಲ್ಲ. ರಿಜೆಕ್ಷನ್ ರಿಪೋರ್ಟ್‌ಗೆ ಮಾತ್ರ ವಿನಾಯಿತಿ, ಅದು ಬಂದ ತಕ್ಷಣ ವೆಂಡರ್‌ಗೆ ಫಾರ್ವರ್ಡ್.

ಬಣ್ಣ ಹಾಕಿದ ಮೇಲೆ ನೋಡಿದ್ರೆ ಆಶ್ಚರ್ಯ. ನನ್ನ ತಲೆನೋವಲ್ಲಿ ದೊಡ್ಡ ಪಾಲು 'ಒಳಗಿನ ಬಾಕಿ'. ವೆಂಡರ್ ಪೇಮೆಂಟ್ ಕೇಳ್ತಾರೆ, ನಾನು ಅಕೌಂಟ್ಸ್‌ಗೆ ಕಳಿಸ್ತೀನಿ, ಅವರು ಜಿಆರ್‌ಎನ್ ಇಲ್ಲ ಅಂತಾರೆ, ನಾನು ಸ್ಟೋರ್ಸ್‌ಗೆ ಕಳಿಸ್ತೀನಿ, ಅವರು ಕ್ವಾಲಿಟಿ ಕ್ಲಿಯರೆನ್ಸ್ ಇಲ್ಲ ಅಂತಾರೆ. ವೆಂಡರ್ ಅಷ್ಟರಲ್ಲಿ ಇನ್ನೆರಡು ರಿಮೈಂಡರ್ ಹಾಕಿರ್ತಾರೆ. ಒಂದು ಬಿಲ್‌ಗೆ ಹತ್ತು ಹನ್ನೆರಡು ಮೇಲ್ ಹೀಗೇ ಹುಟ್ಟುತ್ತೆ. ಇದನ್ನ ಯಾವ ರೂಲೂ ನಿಲ್ಲಿಸಲ್ಲ. ಈಗ ಪ್ರತಿ ಮಂಗಳವಾರ ಬಾಕಿ ಬಿಲ್‌ಗಳ ಎಕ್ಸೆಲ್ ಶೀಟ್ ಹಿಡಿದು ಮೂರೂ ಡಿಪಾರ್ಟ್‌ಮೆಂಟ್‌ನವರ ಜೊತೆ ನಿಂತುಕೊಂಡೇ ಮಾತಾಡ್ತೀವಿ, ವೆಂಡರ್‌ಗೆ ಅವತ್ತೇ ಸ್ಟೇಟಸ್ ಹೋಗುತ್ತೆ. ರಿಮೈಂಡರ್ ಕಮ್ಮಿ ಆಗಿದೆ.

ಹಳೇ ಹನ್ನೊಂದು ಸಾವಿರ ಹಾಗೇ ಇದೆ. ಅದಕ್ಕೇನು ಮಾಡ್ಲಿ? ಮೇಲ್‌ಬಾಕ್ಸ್ ಫುಲ್ ಅಂತ ವಾರ್ನಿಂಗ್ ಬೇರೆ ಬರ್ತಿದೆ. ಐಟಿಯವರು ಪಿಎಸ್‌ಟಿ ಮಾಡ್ಕೊಳ್ಳಿ ಅಂದ್ರು.

ಕರಾವಳಿ_ಅಡ್ಮಿನ್:
ಪಿಎಸ್‌ಟಿ ಬೇಡ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೂರುವ ಒಂದೇ ಒಂದು ಫೈಲ್. ಡಿಸ್ಕ್ ಹೋದರೆ ಹೋಯಿತು, ನೀವು ಕೆಲಸ ಬಿಟ್ಟರೆ ನಿಮ್ಮ ಜಾಗಕ್ಕೆ ಬಂದವರಿಗೆ ಸಿಗ್ಲಿಕ್ಕಿಲ್ಲ. ನೆಟ್‌ವರ್ಕ್ ಡ್ರೈವಿನಲ್ಲಿಟ್ಟು ತೆರೆಯುವುದನ್ನು ಮೈಕ್ರೋಸಾಫ್ಟೇ ಬೆಂಬಲಿಸುವುದಿಲ್ಲ. ಆನ್‌ಲೈನ್ ಆರ್ಕೈವ್ ನಿಮ್ಮ ಲೈಸೆನ್ಸಿನಲ್ಲಿ ಉಂಟೋ ಕೇಳಿ.

ಜಾಗ ತಿನ್ನುವುದು ಸಾಮಾನ್ಯ ಇನ್‌ಬಾಕ್ಸ್ ಅಲ್ಲ, ಸೆಂಟ್ ಐಟಮ್ಸ್. ಅದೇ ಡ್ರಾಯಿಂಗನ್ನು ಎಂಟು ವೆಂಡರಿಗೆ ಎಂಟು ಸಲ ಅಟ್ಯಾಚ್ ಮಾಡಿ ಕಳಿಸಿರ್ತೀರಿ, ಅಲ್ವಾ? ಸೆಂಟ್ ಐಟಮ್ಸಿಗೆ ಹೋಗಿ ಸೈಜ್ ಪ್ರಕಾರ ಜೋಡಿಸಿ, ಮೇಲಿನ ಒಂದೆರಡು ಪುಟ ನೋಡಿದರೆ ಸಾಕು. ಅಕೌಂಟ್ಸಿಗೆ ಬೇಕಾದ್ದು ಬಿಟ್ಟು ಉಳಿದದ್ದು ತೆಗೆದು, ಡಿಲೀಟೆಡ್ ಐಟಮ್ಸನ್ನೂ ಖಾಲಿ ಮಾಡಿ. ಅದು ಖಾಲಿ ಆಗುವ ತನಕ ಜಾಗ ಬಿಡುವುದಿಲ್ಲ.

ಆಮೇಲೆ ಒಂದೇ ಫೋಲ್ಡರ್ ಮಾಡಿ 'ಹಳತು' ಅಂತ ಹೆಸರಿಡಿ. ಮೊದಲು ಓದದ ಮೇಲ್‌ಗಳಲ್ಲಿ ಇಲಾಖೆಗಳಿಂದ ಬಂದದ್ದು, ಬ್ಯಾಂಕಿನದ್ದು, ವಕೀಲರದ್ದು ಸರ್ಚ್ ಮಾಡಿ ಆಚೆ ತೆಗೀರಿ, ಹುಬ್ಬಳ್ಳಿಯವರು ಹೇಳಿದ ಕಾರಣಕ್ಕೆ. ಉಳಿದ, ಎರಡು ತಿಂಗಳು ದಾಟಿದ ಎಲ್ಲವನ್ನೂ ಆ ಫೋಲ್ಡರಿಗೆ ಒಟ್ಟಿಗೆ ತಳ್ಳಿ. ಸರ್ಚಲ್ಲಿ ಸಿಗ್ತದೆ. ಸಿಗದಿದ್ದರೆ ಹೆದರಬೇಡಿ: ಔಟ್‌ಲುಕ್ ಸಾಧಾರಣ ಒಂದು ವರ್ಷದ್ದನ್ನು ಮಾತ್ರ ಕಂಪ್ಯೂಟರಿಗೆ ಇಳಿಸಿಕೊಂಡಿರ್ತದೆ, ಹಿಂದಿನದ್ದು ಸರ್ವರಲ್ಲಿ ಉಂಟು. ಅಕೌಂಟ್ ಸೆಟ್ಟಿಂಗಲ್ಲಿ ಆ ಗೆರೆ ಎಳೆದರೆ ಅವಧಿ ಜಾಸ್ತಿ ಮಾಡಬಹುದು, ಅಥವಾ ಬ್ರೌಸರಿನಲ್ಲಿ ಹುಡುಕಿ.

ಕೋರಮಂಗಲ_ಕೋಡರ್:
ಎಐ ಸಮರಿ ಯಾರೂ ಹೇಳಲಿಲ್ವಲ್ಲ? ನಲವತ್ತು ಮೇಲ್‌ನ ಸರಪಳಿನ ಐದು ಸಾಲಲ್ಲಿ ಕೊಡುತ್ತೆ.

ಮೈಸೂರು_ಮಾಹಿತಿ:
ಯಾರು ಯಾರಿಗೆ ಏನಂದ್ರು ಅನ್ನೋಕೆ ಸರಿ. ರೇಟು, ಕ್ವಾಂಟಿಟಿ, ತಾರೀಖು ಮಾತ್ರ ಮೂಲ ಮೇಲ್ ತೆಗೆದೇ ನೋಡಿ. ಎರಡನೇ ರಿವಿಷನ್ ರೇಟ್‌ನ ಕೊನೇ ರೇಟ್ ಅಂತ ಅದು ಧೈರ್ಯವಾಗಿ ಹೇಳಿಬಿಡಬಹುದು.

ಪೀಣ್ಯ_ಪರ್ಚೇಸ್:
ಅಡ್ಮಿನ್ ಅವರೇ, ಕೊನೇದೊಂದು. ಆರು ಜನಕ್ಕೆ ಬೇರೆ ಬೇರೆ ಬರೋ ಬದಲು ಪರ್ಚೇಸ್ ಅಂತ ಒಂದೇ ವಿಳಾಸ ಮಾಡಿ ವೆಂಡರ್‌ಗಳಿಗೆ ಕೊಟ್ರೆ ಹೇಗೆ? ಮ್ಯಾನೇಜರ್ ಹೂಂ ಅಂದಿದ್ದಾರೆ. ಐಟಿಯವರು ಗ್ರೂಪ್ ಐಡಿ ಮಾಡ್ಕೊಡ್ತೀವಿ ಅಂದ್ರು.

ಕರಾವಳಿ_ಅಡ್ಮಿನ್:
ಗ್ರೂಪ್ ಐಡಿ ಅಂದರೆ ಡಿಸ್ಟ್ರಿಬ್ಯೂಷನ್ ಲಿಸ್ಟ್ ಆದರೆ ಬೇಡ, ಅದು ಮತ್ತೆ ಆರು ಇನ್‌ಬಾಕ್ಸಿಗೆ ಆರು ಪ್ರತಿ ಹಂಚುವುದು. 'ಶೇರ್ಡ್ ಮೇಲ್‌ಬಾಕ್ಸ್' ಅಂತಲೇ ಬಾಯಿಬಿಟ್ಟು ಕೇಳಿ. ಒಂದೇ ಪೆಟ್ಟಿಗೆ, ಆರೂ ಜನರಿಗೆ ಕಾಣ್ತದೆ, ಒಬ್ಬರು ಕೆಟಗರಿ ಹಾಕಿದರೆ ಎಲ್ಲರಿಗೂ ಗೊತ್ತಾಗ್ತದೆ. ಆರು ಜನರ ಹೆಸರಲ್ಲಿ ಆರು ಕೆಟಗರಿ ಮಾಡಿ, ಬೆಳಗ್ಗೆ ಒಬ್ಬರು ಕೂತು ಹಂಚಲಿ. 50 ಜಿಬಿ ವರೆಗೆ ಅದಕ್ಕೆ ಬೇರೆ ಲೈಸೆನ್ಸ್ ಬೇಡ, ಹಾಗಾಗಿ ಐಟಿಯವರು ದುಡ್ಡಿನ ನೆಪ ಹೇಳ್ಲಿಕ್ಕಾಗುವುದಿಲ್ಲ.

ಒಂದು ಸೆಟ್ಟಿಂಗ್ ಮರೆಯದೆ ಹೇಳಿಸಿ. ಶೇರ್ಡ್ ವಿಳಾಸದಿಂದ ನೀವು ಉತ್ತರ ಕಳಿಸಿದರೆ ಅದರ ಪ್ರತಿ ಮಾಮೂಲಾಗಿ ನಿಮ್ಮ ಸ್ವಂತ ಸೆಂಟ್ ಐಟಮ್ಸಿಗೆ ಹೋಗ್ತದೆ, ಉಳಿದ ಐದು ಜನರಿಗೆ ಕಾಣುವುದಿಲ್ಲ. ಅವರು ಉತ್ತರ ಹೋಗಿಲ್ಲ ಅಂತ ಅದೇ ವೆಂಡರಿಗೆ ಇನ್ನೊಂದು ಬರೀತಾರೆ. ಪ್ರತಿ ಶೇರ್ಡ್ ಪೆಟ್ಟಿಗೆಯಲ್ಲೂ ಉಳಿಯುವ ಹಾಗೆ ಅಡ್ಮಿನ್ ಕಡೆಯಿಂದ ಆನ್ ಮಾಡಲಿಕ್ಕೆ ಆಗ್ತದೆ, ಎರಡು ನಿಮಿಷದ ಕೆಲಸ.

ಪೀಣ್ಯ_ಪರ್ಚೇಸ್:
ಇದನ್ನ ಹಾಗೇ ಕಾಪಿ ಮಾಡಿ ಐಟಿಗೆ ಮೇಲ್ ಹಾಕ್ತಿದ್ದೀನಿ. 'ಟು'ನಲ್ಲಿ ಒಬ್ಬರೇ, ಸಿಸಿ ಯಾರೂ ಇಲ್ಲ.